ಶ್ರಾವಣದ ಫುಟ್‌ಬಾಲು ಫಾಲ್ಗುಣಕ್ಕೆ ಹೋದದ್ದು

ದೊಡ್ಡ ತೊಂದರೆಗಳನ್ನು ಎದುರಿಸುವ ಧೈರ್ಯವನ್ನು ದೇವರು ಎಲ್ಲರಿಗೂ ಅಷ್ಟಿಷ್ಟು ಕೊಟ್ಟಿರುತ್ತಾನೆ. ಸಣ್ಣ ತೊಂದರೆ ಬಂದಾಗಲೇ ಬುದ್ಧಿ ಕೈಕೊಡುವುದು. ಸಣ್ಣದನ್ನು ಸಣ್ಣದಾಗಿಯೇ ಬಗೆಹರಿಸಿಬಿಟ್ಟರೆ ನಾಲ್ಕಕ್ಷರ ಕಲಿತ ಮರ್ಯಾದೆಗೆ ಕುಂದು ಎಂದುಕೊಂಡು ನನ್ನಂಥವರು ಅದಕ್ಕೊಂದು ಸಭೆ ಕರೆಯುತ್ತೇವೆ, ಠರಾವು ಪಾಸು ಮಾಡುತ್ತೇವೆ, ಆಮೇಲೆ ತಲೆಯ ಮೇಲೆ ಕೈಹೊತ್ತು ಕೂರುತ್ತೇವೆ. ನಾನು ಹಾಗೆ ಕೂತು ಬಹಳ ವರ್ಷಗಳಾದವು. ಇನ್ನೂ ಎದ್ದಿಲ್ಲ.

ಎಪ್ಪತ್ತರ ದಶಕದ ಮಾತು. ಆಗ ನಾನು ಇಂಡಿ ಎಂಬ ಊರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳ ನಡುವೆ ಪ್ರತಿ ಶ್ರಾವಣದಲ್ಲಿ ಫುಟ್‌ಬಾಲ್ ಲೀಗು ನಡೆಯುತ್ತಿತ್ತು. ಇಂಡಿಯ ಸೆಕ್ರೆಟರಿ ನಾನೇ. ಈ ಪದವಿ ನನಗೆ ಆಟದ ಬಲದಿಂದ ಬಂದದ್ದಲ್ಲ. ನಾನು ಒದ್ದರೆ ಕಾಲಲ್ಲಿದ್ದ ಚಪ್ಪಲಿ ಹೋಗುತ್ತಿತ್ತು, ಚೆಂಡು ಇದ್ದಲ್ಲೇ ಇರುತ್ತಿತ್ತು. ಆದರೆ ಚೆಂಡಿಗೆ ಗಾಳಿ ತುಂಬುವ ಪಂಪು ಊರಿನಲ್ಲಿ ನನ್ನ ಹತ್ತಿರ ಮಾತ್ರ ಇತ್ತು. ವರ್ಷವಿಡೀ ಹುಡುಗರಿಂದ ಬೀಜಗಣಿತದ ಸಲುವಾಗಿ ಶಾಪ ಹಾಕಿಸಿಕೊಳ್ಳುತ್ತಿದ್ದ ನಾನು ಶ್ರಾವಣದಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನಕ್ಕೆ ಹೋದರೆ ಜನ ಎದ್ದು ನಿಂತು ದಾರಿ ಬಿಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನ್ನ ಬಾಳಿನಲ್ಲಿ ನಾನು ನಿಜವಾಗಿ ಸುಖಪಟ್ಟದ್ದು ಆ ದಿನಗಳಲ್ಲೇ.

ನಮ್ಮ ಆಟಗಾರರಿಗೆ ಸಂಬಳವಿರಲಿಲ್ಲ. ಆದರೆ ಹೊರಊರಿನಿಂದ ಬಂದ ತಂಡಕ್ಕೆ ಆಟ ಮುಗಿದ ಮೇಲೆ ಊಟ ಹಾಕಲೇಬೇಕಿತ್ತು, ಹಾಕದಿದ್ದರೆ ಅವರು ಮರುವರ್ಷ ಬರುತ್ತಿರಲಿಲ್ಲ. ಆದ್ದರಿಂದ ಅವರನ್ನು ವೃತ್ತಿಪರ ಆಟಗಾರರೆಂದೇ ಕರೆಯಬೇಕು. ಊಟದ ಹೊಣೆ ಸೆಕ್ರೆಟರಿಯದು ಎಂದು ನಿಯಮವಿತ್ತು. ಸೆಕ್ರೆಟರಿ ಎಂದರೆ ಸೆಕ್ರೆಟರಿಯ ಹೆಂಡತಿ ಎಂದು ನಾವೆಲ್ಲ ಯಾವ ಚರ್ಚೆಯೂ ಇಲ್ಲದೆ ಅರ್ಥ ಮಾಡಿಕೊಂಡಿದ್ದೆವು. ನನ್ನ ಹೆಂಡತಿ ಶಾಂತಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಳು, ನಾನು ಪಡಸಾಲೆಯಲ್ಲಿ ನಿಂತು "ನಾಚಬ್ಯಾಡ್ರಿ, ಹಾಕ್ಕೋರಿ" ಎನ್ನುವವನು.

ತೊಂದರೆ ಎಂದರೆ ನಾಗರ ಪಂಚಮಿಯೂ ಶ್ರಾವಣದಲ್ಲೇ ಬರುತ್ತದೆ. ನಮ್ಮ ಕಡೆ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ಜೋಕಾಲಿ ಆಡಿ, ಉಂಡಿ ತಿಂದು, ಗಂಡಂದಿರ ಮೇಲಿನ ದೂರುಗಳನ್ನೆಲ್ಲ ಒಂದೇ ಸಲಕ್ಕೆ ಹೇಳಿ ಹಗುರಾಗಿ ಬರುತ್ತಾರೆ. ಶಾಂತಾಳ ತವರು ಹೂವಿನ ಹಿಪ್ಪರಗಿ. ಪ್ರತಿವರ್ಷ ಅವಳ ಅಣ್ಣ ಕರೆಯಲು ಬರುತ್ತಿದ್ದ. ಬಂದವನು ಆಟಗಾರರ ಪಂಕ್ತಿಯಲ್ಲೇ ಕೂತು ತಂಗಿ ಬಡಿದ ರೊಟ್ಟಿ ಉಂಡು, ಅವಳ ಕೆಂಪೇರಿದ ಕಣ್ಣು ನೋಡಿ, ಒಬ್ಬನೇ ಬಸ್ಸು ಹತ್ತುತ್ತಿದ್ದ. ಮದುವೆಯಾದ ಮೇಲೆ ಅವಳು ಒಂದು ಪಂಚಮಿಗೂ ತವರು ಕಂಡಿರಲಿಲ್ಲ. ಕಡೆಗೊಂದು ವರ್ಷ, ಕಾರಹುಣ್ಣಿಮೆ ಆದ ಮರುದಿನವೇ ಅವಳು ಹೇಳಿದಳು: "ಈ ಸಲ ನಾ ಹೋಗಾಕಿನ. ಮೊದಲ ಹೇಳೇನಿ. ಏನ್ ಮಾಡ್ಕೋತೀರಿ ಮಾಡ್ಕೋರಿ."

ನಾನು ಗಣಿತದವನು. ಲೀಗು ಶ್ರಾವಣದಲ್ಲಿದೆ, ಪಂಚಮಿ ಶ್ರಾವಣದಲ್ಲಿದೆ, ಪಂಚಮಿಯನ್ನು ಸರಿಸುವಂತಿಲ್ಲ, ಆದ್ದರಿಂದ ಲೀಗನ್ನೇ ಸರಿಸಬೇಕು ಎಂದು ಕೂಡಲೇ ಉತ್ತರ ಬಂತು. ಬಾಗೇವಾಡಿಯಲ್ಲಿ ನಾಲ್ಕೂ ಸೆಕ್ರೆಟರಿಗಳ ಸಭೆ ಸೇರಿಸಿದೆ. ಬಾಗೇವಾಡಿಯ ಸೆಕ್ರೆಟರಿ ವಕೀಲರು, ಸಿಂದಗಿಯವರು ದವಾಖಾನೆಯ ಕಂಪೌಂಡರ್, ಮುದ್ದೇಬಿಹಾಳದವರು ಅರಳೆಯ ವ್ಯಾಪಾರಿ. ಹೆಂಡತಿಯ ಹೆಸರು ಎತ್ತಲು ನಾಚಿಕೆಯಾಗಿ, ಶ್ರಾವಣದ ಮಳೆಗೆ ಎರೆಮಣ್ಣು ಅಂಟಿ ಚೆಂಡು ಭಾರವಾಗುತ್ತದೆಂದೂ ಇದರಿಂದ ಆಟದ ಮಟ್ಟ ಕುಸಿಯುತ್ತಿದೆಯೆಂದೂ ಭಾಷಣ ಮಾಡಿದೆ. ನಮ್ಮ ಆಟಕ್ಕೆ ಕುಸಿಯುವಷ್ಟು ಮಟ್ಟ ಇತ್ತೇ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

"ಭಾದ್ರಪದಕ್ಕ ಇಡೂಣು," ಎಂದರು ವಕೀಲರು.

"ಆಗೂದಿಲ್ರಿ," ಎಂದರು ಕಂಪೌಂಡರ್. "ಗಣಪತಿ ಹಬ್ಬಕ್ಕ ನಾಟಕ ಇರ್ತೈತಿ. ನಮ್ಮ ಗೋಲ್‌ಕೀಪರ್ ಹೀರೋಯಿನ್ ಪಾರ್ಟ್ ಮಾಡ್ತಾನ. ಅವನ ಮಾರಿಗೆ ಚೆಂಡು ಬಡದ್ರ ಊರ ಮಂದಿ ನನ್ನ ಬಿಡೂದಿಲ್ಲ."

ಅದಾದ ಮೇಲೆ ಹಿಂಗಾರಿ ಬಿತ್ತನೆ. ಮುದ್ದೇಬಿಹಾಳದ ಹನ್ನೊಂದೂ ಜನ ಹೊಲದಲ್ಲಿರುತ್ತಾರೆ. ಜೋಳದ ಎಳೆತೆನೆ ಸುಟ್ಟು ಸೀತನಿ ತಿನ್ನುವ ಚಳಿಗಾಲದಲ್ಲಾದರೂ ಆಗಬಹುದಲ್ಲ ಎಂದೆ. ವ್ಯಾಪಾರಿ ನನ್ನನ್ನು ಕನಿಕರದಿಂದ ನೋಡಿದರು. "ಸೀತನಿ ತಿಂದವ ಓಡ್ತಾನೇನ್ರಿ ಮಾಸ್ತರ? ಕುಂತಲ್ಲಿಂದ ಎಬ್ಬಿಸಾಕ ಇಬ್ಬರು ಬೇಕು." ಬೇಸಿಗೆಯಲ್ಲಿ ನಮ್ಮ ನೆಲ ಬಾಯಿ ಬಿಡುತ್ತದೆ, ಆಟಗಾರನ ಕಾಲು ಬಿರುಕಿನಲ್ಲಿ ಸಿಕ್ಕಿಕೊಂಡರೆ ಎಲುಬು ಕೂಡಿಸುವವರು ತಮ್ಮ ದವಾಖಾನೆಯಲ್ಲಿಲ್ಲ ಎಂದು ಕಂಪೌಂಡರ್ ಮೊದಲೇ ಹೇಳಿಬಿಟ್ಟರು. ಹೀಗೆ ಒಂದೊಂದು ತಿಂಗಳೂ ಕೈಜಾರಿ ಹೋಯಿತು. ದೇವರು ಇಷ್ಟೊಂದು ತಿಂಗಳು ಮಾಡಿಟ್ಟೂ ನಾಲ್ಕು ಊರು ಒಂದು ಚೆಂಡು ಒದೆಯಲು ಜಾಗ ಇಡಲಿಲ್ಲವಲ್ಲ ಎನಿಸಿತು. ಕಡೆಗೆ ಎಲ್ಲರಿಗೂ ಹಸಿವಾಗಿ, ಯಾರಿಗೂ ಹೊಸ ತಕರಾರು ಹೊಳೆಯದೆ, ಫಾಲ್ಗುಣ ಮಾಸ ಎಂದು ಠರಾವು ಪಾಸಾಯಿತು. ವಾಪಸು ಬರುವಾಗ ಝಳಕಿಯಲ್ಲಿ ಇಂಡಿಯ ಬಸ್ಸಿಗೆ ಕಾಯುತ್ತ ನಾನು ಎರಡು ಸಲ ಚಹಾ ಕುಡಿದೆ. ಹೆಂಡತಿಗಾಗಿ ನಾಲ್ಕು ತಾಲೂಕಿನ ವ್ಯವಸ್ಥೆಯನ್ನೇ ಬದಲಿಸಿದ ಗಂಡಸು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಮನೆಗೆ ಬಂದು ಸುದ್ದಿ ಹೇಳಿದೆ. ಶಾಂತಾ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಆಟಾನ ಬದಲು ಮಾಡಿದ್ರ್ಯಾ?"

"ನಿನ್ನ ಸಲುವಾಗಿ."

"ಅಯ್ಯ, ಖಾನಾವಳ್ಯಾಗ ರೊಟ್ಟಿ ಹೇಳಿದ್ರ ಆಗ್ತಿತ್ತಲ್ರಿ!"

ಖಾನಾವಳಿ ಇದ್ದದ್ದು ನಮ್ಮ ಓಣಿಯ ತುದಿಯಲ್ಲೇ. ದಿನಾ ಅದರ ಮುಂದೆಯೇ ಹೈಸ್ಕೂಲಿಗೆ ಹೋಗುತ್ತಿದ್ದೆ. ಅಲ್ಲಿಯ ರೊಟ್ಟಿ ಚೆನ್ನಾಗಿರುತ್ತದೆಂದು ಸ್ಟಾಫ್ ರೂಮಿನಲ್ಲಿ ಹೊಗಳಿಯೂ ಇದ್ದೆ. ಇಷ್ಟು ವರ್ಷ ಅವಳು ಒಲೆಯ ಮುಂದೆ ಕಣ್ಣೊರೆಸಿಕೊಂಡದ್ದು, ಅಣ್ಣ ಒಬ್ಬನೇ ತಿರುಗಿ ಹೋದದ್ದು ಎಲ್ಲ ಒಂದು ಬುಟ್ಟಿ ರೊಟ್ಟಿಗಾಗಿ. "ಮೊದಲ ಯಾಕ ಹೇಳಲಿಲ್ಲ?" ಎಂದು ಅವಳ ಮೇಲೆಯೇ ರೇಗಿದೆ. "ನೀವು ಕೇಳಿದ್ರೇನು?" ಎಂದಳು.

ಆ ಪಂಚಮಿಗೆ ಅವಳು ಅಣ್ಣನ ಜೊತೆ ನಗುತ್ತ ಹೋದಳು. ನಾನು ಉಳಿದೆ. ಆ ವರ್ಷದ ಶ್ರಾವಣದಂಥ ಶ್ರಾವಣ ಹಿಂದೆ ಬಂದಿರಲಿಲ್ಲ. ಹದವಾದ ಜಿಟಿಜಿಟಿ ಮಳೆ, ಮೈದಾನದ ತುಂಬ ಎಳೆಹುಲ್ಲು. ಆಟಗಾರರು ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತು "ಆಟ ಯಾವಾಗ್ರಿ ಸರ?" ಎಂದು ಕೇಳುತ್ತಿದ್ದರು. "ಫಾಲ್ಗುಣದಾಗ" ಎಂದು ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ತಿರುಗಿ ಶ್ರಾವಣಕ್ಕೇ ಇಡೋಣವೆಂದು ಉಳಿದ ಮೂವರಿಗೂ ಹೇಳಿಕಳಿಸಿದೆ. ಪಾಸಾದ ಠರಾವು ಮುರಿದರೆ ಮಂದಿ ನಗುತ್ತಾರೆ ಎಂದು ವಕೀಲರು ಖಡಾಖಂಡಿತ ಹೇಳಿಬಿಟ್ಟರು.

ಫಾಲ್ಗುಣ ಬಂತು. ಮುದ್ದೇಬಿಹಾಳದ ಮೈದಾನದಲ್ಲಿ ಅದರ ಒಡೆಯ ಜೋಳದ ರಾಶಿಗೆ ಕಣ ಮಾಡಿ ಗೋಲಿನ ಮುಂದೆಯೇ ತೆನೆ ಒಟ್ಟಿದ್ದ. ಬಾಗೇವಾಡಿಯಲ್ಲಿ ಅರ್ಧ ತಂಡ ಮದುವೆಗೆ ಹೋಗಿತ್ತು. ಇಂಡಿಯಲ್ಲಿ ನಡೆದ ಒಂದೇ ಆಟದಲ್ಲಿ ಸಿಂದಗಿಯ ಹೀರೋಯಿನ್ ಚೆಂಡು ಹಿಡಿಯಲು ಹಾರಿ, ಇಳಿಯುವಾಗ ಬಿರುಕಿನಲ್ಲಿ ಕಾಲಿಟ್ಟ. ಕಂಪೌಂಡರ್ ಅವನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೋದವರು ಮತ್ತೆ ಬರಲಿಲ್ಲ. ಖಾನಾವಳಿಯಲ್ಲಿ ಹೇಳಿಟ್ಟಿದ್ದ ರೊಟ್ಟಿಯನ್ನು ನಾನು ಮನೆಗೆ ತಂದೆ. ಲೀಗು ಅಲ್ಲಿಗೆ ಮುಗಿಯಿತು.

ಮರುವರ್ಷ ಪಂಚಮಿಗೆ ನನಗೆ ಮಾಡಲು ಏನೂ ಕೆಲಸವಿರಲಿಲ್ಲವಾದ್ದರಿಂದ ನಾನೂ ಹೂವಿನ ಹಿಪ್ಪರಗಿಗೆ ಹೋದೆ. ಬೇವಿನ ಮರದ ಕೆಳಗೆ ಓಣಿಯ ಹೆಂಗಸರೆಲ್ಲ ಸೇರಿ ತಂತಮ್ಮ ಗಂಡಂದಿರನ್ನು ಜಾಲಾಡುತ್ತಿದ್ದರು. ಶಾಂತಾಳ ಸರದಿ ಬಂತು. ನಾನು ಗೋಡೆಯ ಮರೆಗೆ ಸರಿದೆ. ಅವಳು ಜೋಕಾಲಿಯ ಮೇಲೆ ನಿಂತು ಜೀಕುತ್ತ ಹೇಳಿದಳು: "ನಮ್ಮವರ ಸುದ್ದಿಗೆ ಬರಬ್ಯಾಡ್ರೇ ಯವ್ವಾ. ನನ್ನ ತವರಿಗೆ ಕಳಸಾಕ ನಾಕ ತಾಲೂಕಿನ ಆಟಾನ ಬದಲು ಮಾಡ್ಯಾರ!"

ಹೆಂಗಸರೆಲ್ಲ ಬೆರಗಾಗಿ ನಾನಿದ್ದ ಗೋಡೆಯ ಕಡೆ ತಿರುಗಿದರು. ಒಬ್ಬ ಮುದುಕಿ ಎದ್ದು ಬಂದು ನನ್ನ ಕೈಗೆ ಎರಡು ಉಂಡಿ ಇಟ್ಟು, "ಗಂಡ ಅಂದ್ರ ಹಿಂಗಿರಬೇಕಪಾ" ಎಂದಳು. ಖಾನಾವಳಿಯ ಮಾತನ್ನು ಶಾಂತಾ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ತಲೆ ತಗ್ಗಿಸಿ ಎರಡೂ ಉಂಡಿ ತಿಂದೆ.