ಎಲ್ಲಾ ಕಡೆ ಗಂಟೆ

ಆರ್‌ಪಿಸಿ ಲೇಔಟಿನ ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಿಸುವಾಗ ಒಬ್ಬ ಆರ್ಕಿಟೆಕ್ಟನ್ನು ಹಿಡಿದೆವು. ನಾಗರಬಾವಿಯಲ್ಲಿ ಆಫೀಸು, ಮೈಮೇಲೆ ಯಾವಾಗಲೂ ಕಪ್ಪು ಷರ್ಟು, ಕೈಯಲ್ಲಿ ಹಾಲಿಲ್ಲದ ಕಾಫಿ. ಪಾಯ ತೋಡುವ ಮೊದಲೇ ಇಡೀ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಒಳಗೆಲ್ಲ ಓಡಾಡಿಸಿ ತೋರಿಸಿದರು. ಎಲ್ಲಾ ಚೆನ್ನಾಗಿತ್ತು. ದೇವರ ಮನೆಗೆ ಮಾತ್ರ ಬಚ್ಚಲುಮನೆಯ ಬಾಗಿಲನ್ನೇ ಇಟ್ಟಿದ್ದರು.

ಚೌಕ ಚೌಕ ಕಿಂಡಿ, ಕಿಂಡಿಗೊಂದು ಗಂಟೆ ಇರುವ ಬಾಗಿಲು ಬೇಕು ಅಂದೆ. ಅಂಥದ್ದು ಸಾಫ್ಟ್‌ವೇರಿನ ರೆಡಿಮೇಡ್ ಬಾಗಿಲುಗಳ ಲೈಬ್ರರಿಯಲ್ಲಿ ಇಲ್ಲ, ಹೊಸದಾಗಿ ಮಾಡಬೇಕು, ತುಂಬಾ ಟೈಮ್ ಹಿಡಿಯುತ್ತೆ ಅಂದರು. ನನಗೆ ನಗು ಬಂತು. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ಒಂದು ಆಯತ, ಅದರೊಳಗೆ ಒಂದಷ್ಟು ಚೌಕ, ಚೌಕಕ್ಕೊಂದು ಶಂಕು. ಇಷ್ಟಕ್ಕೆ ಈತನಿಗೆ ಡಿಗ್ರಿ ಬೇರೆ ಬೇಕಾಗಿತ್ತೇ?

"ಬಿಡಿ, ನಾನೇ ಮಾಡ್ಕೊಂಡು ಬರ್ತೀನಿ," ಅಂದೆ.

ಪಾಪ, ಆತ ಬೇಡ ಅನ್ನಲಿಲ್ಲ. ಮನೆಯ ಎಲ್ಲ ಕೋಣೆಗೂ ಹಾಕಿದ್ದ ಸಾದಾ ಬಾಗಿಲಿನ ಫೈಲನ್ನೇ ಕೊಟ್ಟು, ಅದನ್ನೇ ತಿದ್ದಿಕೊಳ್ಳಿ, ಆದರೆ ಸೇವ್ ಮಾಡುವಾಗ ಬೇರೆ ಹೆಸರು ಕೊಡಿ ಅಂತ ಹೇಳಿದರು. ಮತ್ತೆ ಬಾಗಿಲವರೆಗೆ ಬಂದು ಅದನ್ನೇ ಹೇಳಿದರು. ಕೆಲಸ ಬಾರದವರು ಹೆಸರಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ ಅಂದುಕೊಂಡೆ.

ವಿಡಿಯೋ ನೋಡಿಕೊಂಡು ನಮ್ಮನೆಯವರ ಲ್ಯಾಪ್‌ಟಾಪಿನಲ್ಲಿ ಶುರುಮಾಡಿದೆ. ಮೊದಲನೇ ಬಾಗಿಲು ಹಪ್ಪಳದಷ್ಟು ತೆಳ್ಳಗೆ ಬಂತು. ಆಮೇಲಿನದರಲ್ಲಿ ಗಂಟೆಗಳು ಕುಂಬಳಕಾಯಿ ಗಾತ್ರ. ಬಾಗಿಲಿನ ಅಗಲ ಕಮ್ಮಿ ಮಾಡಿದರೆ ಬಾಗಿಲೇನೋ ಕುಗ್ಗಿತು, ಗಂಟೆಗಳು ಇದ್ದಲ್ಲೇ ಇದ್ದು ಗಾಳಿಯಲ್ಲಿ ನೇತಾಡಿದವು. ಅಳತೆ ಬದಲಾದರೆ ಗಂಟೆಗಳೂ ಜೊತೆಗೆ ಸರಿಯುವ ಹಾಗೆ ಒಂದಕ್ಕೊಂದು ಕಟ್ಟಿಹಾಕಬೇಕಂತೆ. ಹಸುವೇ ಅದು, ಕಟ್ಟಿಹಾಕೋದಕ್ಕೆ?

ನಮ್ಮನೆಯವರು ಹಿಂದಿನಿಂದ ಬಗ್ಗಿ ನೋಡಿದರು. "ಗಂಟೆ ಆಚೆ ಹೋಗಿದೆ ಕಣೇ, ಒಳಗೆ ಕರಿ," ಅಂದು ಪೇಪರ್ ಓದಲು ಹೋದರು.

ಟೆಸ್ಟ್ ಪೇಪರುಗಳು ತಿದ್ದದೆ ಉಳಿದವು, ದೋಸೆ ಹಿಟ್ಟು ಹುಳಿಬಂದು ಪಾತ್ರೆಯಿಂದ ಉಕ್ಕಿ ಇಳಿಯಿತು, ಕೊನೆಗೂ ನನ್ನ ಬಾಗಿಲು ಎದ್ದು ನಿಂತಿತು. ಎಷ್ಟು ಅಗಲ ಕೊಟ್ಟರೂ ಕಿಂಡಿ, ಗಂಟೆ ಎಲ್ಲ ಅದಕ್ಕೆ ತಕ್ಕ ಹಾಗೆ ಹೊಂದಿಕೊಳ್ಳುತ್ತಿತ್ತು. ಫೈಲ್ ತೆಗೆದುಕೊಂಡು ನಾಗರಬಾವಿಗೆ ಹೋದೆ. ಆರ್ಕಿಟೆಕ್ಟ್ ಫೋನ್ ಬಂತೆಂದು ಆಚೆ ಹೋದಾಗ ಸುಮ್ಮನೆ ಯಾಕೆ ಕೂರಬೇಕು ಅಂತ ನಾನೇ ಅದನ್ನು ನಮ್ಮ ಮನೆಯ ಮಾಡೆಲ್ಲಿಗೆ ಸೇರಿಸಿದೆ. ಇದೇ ಹೆಸರಿನ ಬಾಗಿಲು ಆಗಲೇ ಇದೆ, ಅದರ ಬದಲು ಇದನ್ನು ಹಾಕಲೇ ಅಂತ ಕಂಪ್ಯೂಟರ್ ಕೇಳಿತು. ಆರ್ಕಿಟೆಕ್ಟಿಗಿದ್ದ ಹಾಗೇ ಅವರ ಯಂತ್ರಕ್ಕೂ ಪುಕ್ಕಲು ಸ್ವಭಾವ. ಹಾಕು ಅಂತ ಒತ್ತಿದೆ.

ಪರದೆಯ ಮೇಲೆ ದೇವರ ಮನೆ ಮಾತ್ರ ಕಾಣುತ್ತಿತ್ತು. ಆತ ವಾಪಸ್ ಬಂದು, ಸೂಪರ್ ಆಗಿದೆ ಮೇಡಂ ಅಂದರು. ದಡ್ಡ ಹುಡುಗನಿಗೆ ಗ್ರೇಸ್ ಮಾರ್ಕ್ಸ್ ಕೊಡುವಾಗಿನ ನಗು ನಕ್ಕೆ. ಮನೆಯ ಬಾಗಿಲುಗಳ ಡ್ರಾಯಿಂಗುಗಳೆಲ್ಲ ಲಗ್ಗೆರೆಯ ಮರಗೆಲಸದ ಶಾಪಿಗೆ ಹೋದವು.

ಒಂದು ದಿನ ಸ್ಟಾಫ್ ರೂಮಿನಲ್ಲಿದ್ದಾಗ ಆ ಶಾಪಿನವರು ಫೋನ್ ಮಾಡಿದರು. "ಮೇಡಂ, ಎಲ್ಲಾ ಕಡೆ ಗಂಟೆ ಹಾಕ್ಬೇಕಾ?"

ಕೆಲವು ಕಿಂಡಿ ಖಾಲಿ ಬಿಟ್ಟು ಗಂಟೆ ಉಳಿಸುವ ಉಪಾಯ ಅಂತ ನನಗೆ ಥಟ್ಟನೆ ಹೊಳೆಯಿತು. "ಡ್ರಾಯಿಂಗ್ ಇರೋದು ಯಾಕ್ರೀ? ಎಲ್ಲಾ ಕಡೆ. ಒಂದೂ ಬಿಡ್ಬಾರ್ದು."

ಅವರು ಒಂದೂ ಬಿಡಲಿಲ್ಲ.

ಗೃಹಪ್ರವೇಶದ ಹಿಂದಿನ ದಿನ ಬಾಗಿಲುಗಳನ್ನು ಹೊತ್ತ ಟೆಂಪೋ ಬಂತು. ಬೀದಿಯ ತಿರುವಿನಲ್ಲೇ ಸದ್ದು ಕೇಳಿಸಿ ಪಕ್ಕದ ಮನೆಯವರು ಯಾವುದೋ ಉತ್ಸವ ಅಂತ ಆಚೆ ಬಂದರು. ಬೆಡ್‌ರೂಮು, ಅಡುಗೆಮನೆ, ಬಚ್ಚಲು, ಎಲ್ಲದಕ್ಕೂ ದೇವರ ಮನೆಯ ಬಾಗಿಲು. ಅಳತೆ ಬೇರೆ ಬೇರೆ, ಗಂಟೆಗಳು ಅದಕ್ಕೆ ತಕ್ಕ ಹಾಗೆ ಸೊಗಸಾಗಿ ಹೊಂದಿಕೊಂಡಿದ್ದವು. ಆರ್ಕಿಟೆಕ್ಟಿಗೆ ಫೋನ್ ಮಾಡಿ, ಡ್ರಾಯಿಂಗ್ ಕಳಿಸೋಕೆ ಮುಂಚೆ ನೋಡೋದಲ್ವಾ ಅಂತ ಕೂಗಾಡಿದೆ. ಆತ, "ಮೇಡಂ, ಹೆಸರು ಬದಲಾಯಿಸಿದ್ರಾ?" ಅಂದರು. ನೆಟ್‌ವರ್ಕ್ ಸರಿಯಿಲ್ಲ ಅಂತ ಫೋನ್ ಇಟ್ಟೆ.

ಬೇರೆ ಬಾಗಿಲಿಗೆ ಸಮಯವಿರಲಿಲ್ಲ. ಇದ್ದವನ್ನೇ ಕೂರಿಸಿದರು. ಬಚ್ಚಲ ಬಾಗಿಲಿನ ಕಿಂಡಿಗಳಿಂದ ಒಳಗೆಲ್ಲ ಕಾಣುತ್ತಿದ್ದರಿಂದ ಒಳಗಿನಿಂದ ನನ್ನ ಹಳೇ ಸೀರೆಯೊಂದನ್ನು ಬಿಗಿದೆವು. ಮಾರನೇ ದಿನ ಹೋಮದ ನಡುವೆ ನಮ್ಮ ಮಾವ ಬಚ್ಚಲಿಗೆ ಹೋದರು. ಬಾಗಿಲಿನ ಗಂಟೆಗಳೆಲ್ಲ ಮೊಳಗಿದವು. ಪುರೋಹಿತರು ಗಾಬರಿಯಾಗಿ ಮಂತ್ರ ಬಿಟ್ಟು ಕರ್ಪೂರ ಹಚ್ಚಿದರು. ಹಾಲ್‌ನಲ್ಲಿದ್ದವರೆಲ್ಲ ಎದ್ದು ಸದ್ದು ಬಂದ ಕಡೆ ಕೈಮುಗಿದರು. ಮಾವ ಆಚೆ ಬಂದವರು, ಎದುರಿಗೆ ಅಷ್ಟು ಜನ ಕೈಮುಗಿದು ನಿಂತಿದ್ದು ಕಂಡು, ಏನೂ ತೋಚದೆ ತಾವೂ ಮುಗಿದರು.

ಆಮೇಲೆ ಊಟ ಮುಗಿಯುವವರೆಗೆ ಬಹಳ ಜನ ತಡೆದುಕೊಂಡೇ ಕೂತಿದ್ದರು. ನಮ್ಮತ್ತೆ ಮಾತ್ರ ಶಾಂತವಾಗಿ, "ಎಷ್ಟು ಓದಿದೀಯಮ್ಮಾ ನೀನು," ಅಂದರು.

ಮುಂದಿನ ವಾರ ಬಡಗಿಯನ್ನು ಕರೆಸಿ ಗಂಟೆ ಬಿಚ್ಚಿ ಕಿಂಡಿಗಳಿಗೆಲ್ಲ ಹಲಗೆ ಹೊಡೆಯಲು ಹೇಳಿದೆ. ಗಂಟೆ ಬಿಚ್ಚಲು ಹೋದರೆ ಮರ ಸೀಳುತ್ತೆ, ನಾಲಿಗೆ ಬೇಕಾದರೆ ಕಿತ್ತುಕೊಡ್ತೀನಿ, ಆಮೇಲೆ ಸದ್ದೇ ಇರಲ್ಲ ಅಂದ. ಒಂದೊಂದಾಗಿ ಎಲ್ಲ ಗಂಟೆಗಳ ನಾಲಿಗೆ ಕಿತ್ತು ಡಬ್ಬಿಗೆ ಹಾಕಿದ. ನಮ್ಮನೆಯವರು ಕುರ್ಚಿ ಹಾಕಿಕೊಂಡು ಕೂತು ಒಮ್ಮೆ ಆ ಡಬ್ಬಿಯನ್ನೂ ಒಮ್ಮೆ ನನ್ನ ಮುಖವನ್ನೂ ನೋಡುತ್ತಿದ್ದರು. ಕೀಳಬೇಕಾಗಿದ್ದ ನಾಲಿಗೆ ಬೇರೆ ಇತ್ತು ಅಂತ ಬಾಯಿಬಿಟ್ಟು ಹೇಳಲಿಲ್ಲ.