ಹೋಗುವಾಗ ಬಾಣ, ಬರುವಾಗ ವಿಮಾನ

೧. ಕರಾರು

ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಾದ ಗೌಡರು ನನ್ನನ್ನು ಮನೆಗೆ ಕರೆಸಿದರು. ವಿಜ್ಞಾನದ ಖೋಲಿ ಬಿಟ್ಟುಕೊಡಿ ಎಂದು ನಾನು ಹಿಂದಿನ ದಿನ ಸಭೆಯಲ್ಲಿ ಕೇಳಿದ್ದೆ.

ಸಿರುಗುಪ್ಪದ ನಮ್ಮ ಹೈಸ್ಕೂಲಿಗೆ ವಿಜ್ಞಾನದ ಖೋಲಿ ಇತ್ತು. ಅದರ ತುಂಬ ಅಧ್ಯಕ್ಷರ ಭತ್ತದ ಚೀಲ ಇದ್ದವು. ಖೋಲಿ ಕಟ್ಟಿಸಿದವರು ಅವರ ತಂದೆ. ಒಂದು ಸುಗ್ಗಿಗೆ ಒಳಗೆ ಹೋದ ಚೀಲ ಹೊರಗೆ ಬರಲೇ ಇಲ್ಲ. ನಾನು ವಿಜ್ಞಾನವನ್ನು ಬೇವಿನ ಮರದ ಕೆಳಗೆ ಕಲಿಸುತ್ತಿದ್ದೆ. ಗಾಳಿ ಬಂದರೆ ಸ್ಪಿರಿಟ್ ದೀಪ ಆರುತ್ತಿತ್ತು. ಗಾಳಿ ಬರದಿದ್ದರೆ ಕಾಗೆ ಬರುತ್ತಿದ್ದವು.

"ಖೋಲಿ ತಗೊಂಡು ಏನು ಮಾಡ್ತೀರಿ, ಮಾಸ್ತರ?"

"ಪ್ರಯೋಗ."

"ಎಂಥ ಪ್ರಯೋಗ?"

ಅಮೆರಿಕದವರ ರೆಕ್ಕೆಯ ನೌಕೆ ಆಕಾಶಕ್ಕೆ ಹೋಗಿ ತಿರುಗಿ ನೆಲಕ್ಕಿಳಿದ ಕಾಲ ಅದು. ಪತ್ರಿಕೆಯಲ್ಲಿ ಚಿತ್ರ ಬಂದಿತ್ತು. ಬಳ್ಳಾರಿಯಲ್ಲಿ ಜಿಲ್ಲಾ ವಿಜ್ಞಾನ ಪ್ರದರ್ಶನವೂ ಹತ್ತಿರ ಇತ್ತು. ಅಂಥದೊಂದು ಚಿಕ್ಕದು ಮಾಡಿ ಹಾರಿಸುತ್ತೇನೆ ಎಂದೆ.

"ಅದು ಬಾಣಾನೋ, ವಿಮಾನಾನೋ?"

"ಹೋಗುವಾಗ ಬಾಣ. ಬರುವಾಗ ವಿಮಾನ."

ಅಧ್ಯಕ್ಷರು ಎಲೆ ಅಡಿಕೆ ಅಗಿದರು. "ಮ್ಯಾಲ ಹೋಗಿ ಏನು ಮಾಡ್ತೈತಿ?"

"ಏನಿಲ್ರಿ. ತಿರುಗಿ ಬರ್ತೈತಿ."

"ಬರೂದಾದ್ರ ಹೋಗೂದು ಯಾಕ?"

ಅವರು ಎದ್ದು ಉಗುಳಿ ಬಂದರು.

"ಆತು. ಬಳ್ಳಾರಿ ಮಂದಿ ಮುಂದ ನೆಟ್ಟಗ ಹಾರಿ ನೆಟ್ಟಗ ಇಳೀಲಿ. ಖೋಲಿ ನಿಮ್ದು. ಮುರಕೊಂಡು ಬಿದ್ರ ಬೇವಿನ ಗಿಡ ನಿಮ್ದು."

೨. ಕಿಟಕಿ

ಆಕಾರ ಬರೆಯಲು ಡ್ರಾಯಿಂಗ್ ಮಾಸ್ತರನ್ನು ಹಿಡಿದೆ. ರಜೆಯಲ್ಲಿ ಅವರು ನಾಟಕದವರಿಗೆ ಪರದೆ ಬರೆದುಕೊಡುತ್ತಿದ್ದರು. ಅರಮನೆ, ತೋಟ, ಸ್ವರ್ಗ. ಸ್ವರ್ಗದಲ್ಲಿ ಅವರ ಕೈ ಚೆನ್ನಾಗಿ ಪಳಗಿತ್ತು.

ಮೊದಲ ಆಕಾರಕ್ಕೆ ಹಂಸದ ತಲೆ ಇತ್ತು. ತೆಗೆಸಿದೆ. ಎರಡನೆಯದಕ್ಕೆ ನವಿಲಿನ ಬಾಲ ಇತ್ತು. ಅದನ್ನು ಸಣ್ಣದು ಮಾಡಿಸಿದೆ. ಪೂರ್ತಿ ತೆಗೆಯಲು ಅವರು ಒಪ್ಪಲಿಲ್ಲ. ಮೂರನೆಯದಕ್ಕೆ ಮುಕ್ಕೋನದ ರೆಕ್ಕೆ ಬಂತು. ಅದು ಸರಿ ಇತ್ತು. ಆದರೆ ಎರಡೂ ಮಗ್ಗುಲಿಗೆ ಸಾಲಾಗಿ ಕಿಟಕಿ. ಕಿಟಕಿಗೆ ಪರದೆ.

"ಇದು ಚಿಕ್ಕ ನೌಕಿ. ಒಳಗ ಯಾರೂ ಕುಂದ್ರೂದಿಲ್ರಿ."

"ಕುಂದ್ರದಿದ್ರ ಏನಾತು? ಕಿಟಕಿ ಇಲ್ಲದ್ದು ಗೋದಾಮಿನಂಗ ಕಾಣ್ತೈತಿ."

"ಅಲ್ಲಿ ಮ್ಯಾಲ ಗಾಳೀನ ಇಲ್ರಿ."

"ಮತ್ತ? ಅದಕ್ಕ ಕಿಟಕಿ ಬೇಕು ಅಂತೀನಿ."

೩. ಬೆಂಡು

ಯಾವುದರಲ್ಲಿ ಮಾಡುವುದು ಎಂಬುದು ಮುಂದಿನ ಪ್ರಶ್ನೆ. ರಟ್ಟು ಭಾರ. ಬಿದಿರು ಇನ್ನೂ ಭಾರ. ಕೊನೆಗೆ ಬೆಂಡು ತಂದೆವು. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುತ್ತಾರಲ್ಲ, ಅದೇ ಬೆಂಡು. ಹಗುರ. ಚಾಕುವಿಗೆ ಬೆಣ್ಣೆ ಕೊಯ್ದಂತೆ ಬರುತ್ತದೆ.

ಒಂದು ಮೊಳದ ನೌಕೆ ಆಯಿತು. ಬಿಳಿಯದಾಗಿಯೇ ಇರಲಿ ಎಂದು ಹೇಳಿ ನಾನು ಮನೆಗೆ ಹೋದೆ. ಬೆಳಿಗ್ಗೆ ಬಂದಾಗ ಅಂಚಿಗೆ ಜರಿ ಕಾಗದ, ಬೆನ್ನಿಗೆ ಕೆಂಪು ಬಣ್ಣ, ಬಾಲಕ್ಕೆ ಮಿಂಚು.

ಹೆಡ್ ಮಾಸ್ತರು ಬಂದು ನಿಂತು ನೋಡಿದರು.

"ಮದುವಿ ಯಾರ್ದ್ರೀ?"

೪. ಪಟ

ಈಗ ಇದನ್ನು ಮೇಲೆ ಒಯ್ಯುವ ವಾಹನ ಬೇಕು. ಮೊದಲು ಗಾಳಿಪಟ ನೋಡೋಣ ಎಂದೆ. ದೊಡ್ಡ ಪಟದ ಕೆಳಗೆ ನೌಕೆ ಕಟ್ಟುವುದು. ಎತ್ತರಕ್ಕೆ ಹೋದಮೇಲೆ ಬೇರೊಂದು ದಾರ ಸಡಿಲ ಬಿಟ್ಟರೆ ನೌಕೆ ಬಿಚ್ಚಿಕೊಂಡು ತೇಲಿ ಬರಬೇಕು.

ಕಾಲುವೆ ದಂಡೆಯ ಮೇಲೆ ನಿಂತೆವು. ಗಾಳಿ ಚೆನ್ನಾಗಿತ್ತು. ಪಟ ಏರಿತು. ನೌಕೆಯೂ ಏರಿತು. ದಾರಗಳು ಡ್ರಾಯಿಂಗ್ ಮಾಸ್ತರ ಕೈಯಲ್ಲಿದ್ದವು.

"ಬಿಡ್ರಿ" ಎಂದೆ.

ಬಿಟ್ಟರು. ಎರಡೂ ದಾರ ಬಿಟ್ಟರು.

ಪಟ ನೌಕೆಯನ್ನೂ ಎಳೆದುಕೊಂಡು ಹಚ್ಚೊಳ್ಳಿ ಊರಿನ ದಿಕ್ಕಿಗೆ ಹೋಯಿತು. ಮರುದಿನ ಸೈಕಲ್ ಹತ್ತಿ ಹುಡುಕಿಕೊಂಡು ಹೋದೆವು. ದಾರಿಯ ಮಗ್ಗುಲಿಗೆ ಒಂದು ಜೋಳದ ಹೊಲ. ತೆನೆ ಹಾಲುಗಾಳು ಕಟ್ಟಿತ್ತು. ಹೊಲದ ನಡುವೆ ಗಳದ ತುದಿಗೆ ನಮ್ಮ ನೌಕೆ ನಿಂತಿತ್ತು. ಜರಿ ಹೊಳೆಯುತ್ತಿತ್ತು. ರೈತ ಅಟ್ಟಣೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಅದು ನಮ್ದಪಾ."

"ಇರಬಹುದ್ರಿ. ಬಂದು ಬಿದ್ದದ್ದು ನನ್ನ ಹೊಲಕ್ಕ. ನಿನ್ನೆಯಿಂದ ಒಂದು ಗಿಳಿ ಇಳಿದಿಲ್ಲ ನೋಡ್ರಿ."

"ಅದು ಬಾಹ್ಯಾಕಾಶಕ್ಕ ಹೋಗೋದು."

"ಹೋಗ್ಲಿ, ಯಾರು ಬ್ಯಾಡಂದ್ರು? ಸುಗ್ಗಿ ಮುಗೀಲಿ, ಆಮ್ಯಾಲ ಹೋಗ್ಲಿ."

೫. ಕುರುಗೋಡು

ಎರಡನೆಯ ನೌಕೆ ಮಾಡಿದೆವು. ಈ ಸಲ ಖರೇ ಬಾಣವೇ ಬೇಕು ಎಂದು ಕುರುಗೋಡಿಗೆ ಹೋದೆವು. ಅಲ್ಲಿ ಮದುವೆ ಮೆರವಣಿಗೆಗೆ ಬಾಣ ಬಿರುಸು ಮಾಡಿಕೊಡುವ ಸಾಬರೊಬ್ಬರಿದ್ದರು. ನೌಕೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಮ್ಯಾಲ ಹೋಗಿ ಏನಾಗಬೇಕ್ರಿ, ಮಾಸ್ತರ? ನಕ್ಷತ್ರ ಉದುರಬೇಕಾ? ಛತ್ರಿ ಬಿಚ್ಚಬೇಕಾ?"

"ಏನೂ ಆಗಬಾರದು. ನೌಕಿ ಬಿಟ್ಟು ಬಾಣ ಸುಮ್ಮನ ಕೆಳಗ ಬೀಳಬೇಕು."

"ಆವಾಜ್?"

"ಬ್ಯಾಡ."

ಸಾಬರ ಮುಖ ಸಪ್ಪಗಾಯಿತು. "ನಮ್ಮ ಅಜ್ಜನ ಕಾಲದಿಂದ ಈ ಧಂದೆ ಐತ್ರಿ. ಏನೂ ಆಗದ ಬಾಣ ಬಿಟ್ರ ಇವರ ಮದ್ದು ತೊಯ್ದೈತಿ ಅಂತಾರ ಮಂದಿ. ಇಜ್ಜತ್ ಹೋಗ್ತೈತಿ."

ಬಹಳ ಹೇಳಿದ ಮೇಲೆ ಒಪ್ಪಿದರು.

ಗುಡ್ಡದ ಬುಡದಲ್ಲಿ ಬಯಲು ನೋಡಿ ನಿಲ್ಲಿಸಿದೆವು. ಊರ ಮಂದಿ ಸೇರಿತು. ಬಾಣ ನೆಟ್ಟಗೆ ಹೋಯಿತು. ಅಷ್ಟು ನೆಟ್ಟಗೆ ಹೋಗುತ್ತದೆಂದು ನಾನೂ ಅಂದುಕೊಂಡಿರಲಿಲ್ಲ. ತುತ್ತತುದಿಗೆ ಹೋಗಿ ಗುಡ್ಡ ಅದುರುವಂತೆ ಸಿಡಿಯಿತು. ಕೆಂಪು ನಕ್ಷತ್ರ, ಹಸಿರು ನಕ್ಷತ್ರ, ಆಮೇಲೆ ಛತ್ರಿ. ಬೆಂಡಿನ ಚೂರು ನಿಧಾನವಾಗಿ ಕೆಳಗೆ ಬಂದವು.

"ಏನ್ ಸಾಬ್ರ ಇದು?"

"ಸಾಲಿ ಕೆಲಸ ಅಲ್ರೀ? ಸುಮ್ಮನ ಕಳಿಸಾಕ ಮನಸು ಬರಲಿಲ್ಲ. ಅದು ನನ್ನ ಕಡಿಂದ."

ಹಿಂದೆ ನಿಂತ ಮಂದಿ ಚಪ್ಪಾಳೆ ಹೊಡೆದು ಕೂಗಿದರು: "ಇನ್ನೊಂದು ಬಿಡ್ರಿ, ಮಾಸ್ತರ!"

೬. ಬಾಲ

ಪ್ರದರ್ಶನದಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ ಎಂದು ಬಳ್ಳಾರಿಯಿಂದ ಹೇಳಿ ಕಳಿಸಿದರು. ಕುರುಗೋಡಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು.

ಬಾಣದ ಆಸೆ ಬಿಟ್ಟೆವು. ಎರಡು ಗಳ ನೆಟ್ಟು ನಡುವೆ ಸೈಕಲ್ ಟ್ಯೂಬ್ ಕಟ್ಟಿದೆವು. ದೊಡ್ಡ ಕವಣೆ ಎನ್ನಿ. ವಾಹನ ಅದೇ ಎಂದು ತೀರ್ಮಾನ ಆಯಿತು. ಟ್ಯೂಬಿಗೆ ಬಲ ಕಡಿಮೆ. ಆದ್ದರಿಂದ ನೌಕೆ ಎಷ್ಟು ಹಗುರ ಇದ್ದರೆ ಅಷ್ಟು ಒಳ್ಳೆಯದು ಎಂದು ನನ್ನ ಲೆಕ್ಕ.

ಮೂರನೆಯ ನೌಕೆ ಹಾರಿಸಿದೆವು. ಮೂತಿ ಮೇಲೆತ್ತಿತು, ಗಾಳಿಯಲ್ಲಿ ನಿಂತಿತು, ಬಾಲ ಮೊದಲಾಗಿ ಕೆಳಗೆ ಬಂತು. ಅಂಟು ಹಚ್ಚಿ ಮತ್ತೆ ಹಾರಿಸಿದೆವು. ಮತ್ತೆ ಬಾಲ ಮೊದಲು.

"ಬಾಲ ಕೊಯ್ಯೋಣ" ಎಂದೆ.

"ಬಾಲ ಕೊಯ್ಯಾಕ ಬರೂದಿಲ್ಲ. ನನ್ನ ಕೆಲಸ ಎಲ್ಲಾ ಬಾಲದಾಗ ಐತಿ" ಎಂದರು ಡ್ರಾಯಿಂಗ್ ಮಾಸ್ತರು.

"ಭಾರ ಇಳಿಸಬೇಕಲ್ರಿ."

"ಇಳಿಸ್ರಿ. ಮೂತಿ ಕಡೆ ನಾನು ಏನೂ ಬರೆದಿಲ್ಲ. ಅಲ್ಲಿ ಎಷ್ಟು ಬೇಕು ಅಷ್ಟು ಕೊಯ್ರಿ."

ಮೂತಿ ಕೊರೆದು ಟೊಳ್ಳು ಮಾಡಿದೆ. ನೌಕೆ ಹಗುರ ಆಯಿತು. ಈಗ ಇನ್ನೂ ಬೇಗ ಬಿತ್ತು.

೭. ಬಸ್ಸು

ಪ್ರದರ್ಶನದ ದಿನ ಅದನ್ನೇ ಅಂಟು ಹಚ್ಚಿ ಬಳ್ಳಾರಿ ಬಸ್ಸು ಹತ್ತಿದೆವು. ಬೇರೆ ಮಾಡಲು ಹೊತ್ತು ಇರಲಿಲ್ಲ. ನೌಕೆ ನನ್ನ ತೊಡೆಯ ಮೇಲೆ, ಗಳ ಡ್ರಾಯಿಂಗ್ ಮಾಸ್ತರ ಹೆಗಲ ಮೇಲೆ. ತೆಕ್ಕಲಕೋಟೆಯಲ್ಲಿ ಮಂದಿ ತುಂಬಿತು. ಕಂಡಕ್ಟರ್ ಬಂದ.

"ಏನ್ರಿ ಇದು?"

"ವಿಮಾನ."

"ಹಾರ್ತೈತೇನು?"

"ಹಾರ್ತೈತಿ."

"ಮತ್ತ ಬಸ್ಸು ಯಾಕ ಹತ್ತಿತು?"

ಬಳ್ಳಾರಿ ಮುಟ್ಟುವ ತನಕ ಹಿಂದಿನ ಸೀಟಿನವರು ನಗುತ್ತಿದ್ದರು. ಡ್ರಾಯಿಂಗ್ ಮಾಸ್ತರೂ ನಕ್ಕರು.

೮. ಬಳ್ಳಾರಿ

ಕೋಟೆ ಗುಡ್ಡ ಕಾಣುವ ಒಂದು ಮೈದಾನ. ಶಿಕ್ಷಣ ಇಲಾಖೆಯ ಅಧಿಕಾರಿಗಳು ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಅಧ್ಯಕ್ಷರು ಅವರ ಮಗ್ಗುಲಿಗೆ ಕೂತಿದ್ದರು. ಭತ್ತ ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯ ಮುಖದಲ್ಲಿತ್ತು.

ನಾನು ಟ್ಯೂಬ್ ಎಳೆದೆ. ಅಧ್ಯಕ್ಷರು ಎದ್ದು ನಿಂತರು.

"ತಡೀರಿ. ಪೂಜಿ ಆಗೇತೇನು?"

"ಇಲ್ರಿ."

"ಹೊಸ ಗಾಡಿ, ಪೂಜಿ ಇಲ್ಲದ ಹೊಂಡಸ್ತೀರಾ? ಸಾಲಿಗೆ ನಮ್ಮಪ್ಪನ ಹೆಸರೈತಿ, ಮಾಸ್ತರ. ಬೀಳೂದು ಬೀಳಲಿ, ಪೂಜಿ ಆಗಿ ಬೀಳಲಿ."

ಅವರು ಟ್ರ್ಯಾಕ್ಟರ್ ತಂದರೂ ಲಾರಿ ತಂದರೂ ಹೀಗೆಯೇ. ಆಳನ್ನು ಓಡಿಸಿ ಕುಂಕುಮ, ದಾರ, ದಪ್ಪನೆಯ ನಿಂಬೆಹಣ್ಣು ತರಿಸಿದರು. ಕುಂಕುಮ ಹಚ್ಚಿ ನಿಂಬೆಹಣ್ಣನ್ನು ನೌಕೆಯ ಮೂತಿಗೆ ಬಿಗಿದು ಕಟ್ಟಿದರು.

"ಭಾರ ಆಗ್ತೈತ್ರಿ, ಗೌಡ್ರ."

"ಲಾರಿಗೆ ಆಗಿಲ್ಲ. ಇದಕ್ಕ ಆಗ್ತೈತೇನು? ಬಿಡ್ರಿ."

ಬೇವಿನ ಮರ ಕಣ್ಣ ಮುಂದೆ ಬಂತು. ಬಿಟ್ಟೆ.

ನೌಕೆ ಮೇಲೆ ಹೋಯಿತು. ಮೂತಿ ಎತ್ತಲಿಲ್ಲ. ಮೈದಾನದ ಮೇಲೆ ದೊಡ್ಡದಾಗಿ ಒಂದು ಸುತ್ತು ಹಾಕಿತು. ಹದ್ದು ಇಳಿದಂತೆ ಇಳಿದು, ನೆಲ ಸವರಿಕೊಂಡು ಬಂದು ಅಧಿಕಾರಿಗಳ ಕುರ್ಚಿಯ ಮುಂದೆ ನಿಂತಿತು. ಒಂದು ಕಿಟಕಿಯೂ ಕಿತ್ತಿರಲಿಲ್ಲ.

ಜನ ಕೂಗಿದರು. ಮೊದಲು ಚಪ್ಪಾಳೆ ಹೊಡೆದವರು ಅಧ್ಯಕ್ಷರೇ. ಆಮೇಲೆ ಖೋಲಿ ನೆನಪಾಯಿತು. ಕೈ ಕೆಳಗಿಳಿಯಿತು.

"ಇದು ನಿಂಬಿಹಣ್ಣಿನ ಶಕ್ತಿ. ವಿಜ್ಞಾನ ಅಲ್ಲ. ಕರಾರು ವಿಜ್ಞಾನದ್ದು."

"ಶಕ್ತಿ ಅಲ್ರಿ, ತೂಕ. ಬಾಲ ಭಾರ ಇತ್ತು. ಹಣ್ಣು ಭಾರವನ್ನ ಮುಂದಕ್ಕ ತಂತು."

ಅಧಿಕಾರಿಗಳಿಗೆ ಕರಾರು ಏನೆಂದು ಹೇಳಬೇಕಾಯಿತು. ಭತ್ತದ ವಿಷಯ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ಹಾಗಾದರೆ ಪರೀಕ್ಷೆ ಮಾಡಿ" ಎಂದರು.

ನಾನು ನಿಂಬೆಹಣ್ಣು ಬಿಚ್ಚಿದೆ. ಅಷ್ಟೇ ತೂಕದ ಒಂದು ಕಲ್ಲು ಹುಡುಕಿ ತಂದೆ. ಕಲ್ಲು ಕಟ್ಟಿಯೂ ಹಾರಿದರೆ ತೂಕ ಗೆದ್ದಂತೆ. ಅಧ್ಯಕ್ಷರು ಒಪ್ಪಿದರು.

"ಕೊಡ್ರಿ ಇಲ್ಲಿ, ನಾನೂ ನೋಡ್ತೀನಿ."

ಕಲ್ಲನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ತಿರುಗಿ ಕೊಟ್ಟರು. ನಾನು ಕಟ್ಟಿ ಬಿಟ್ಟೆ. ನೌಕೆ ಮೊದಲಿನಂತೆಯೇ ಸುತ್ತು ಹಾಕಿ, ಮೊದಲಿನಂತೆಯೇ ಇಳಿಯಿತು.

"ಈಗೇನಂತೀರಿ, ಗೌಡ್ರ?"

"ಕಲ್ಲು ನೋಡ್ರಿ."

ನೋಡಿದೆ. ಕಲ್ಲಿಗೆ ಕುಂಕುಮ ಇತ್ತು. ಕೈಯಲ್ಲಿ ಹಿಡಿದಾಗ ಹಚ್ಚಿದ್ದರು.

"ಕುಂಕುಮ ಹಚ್ಚಿದ ಮ್ಯಾಲ ಅದು ಕಲ್ಲಲ್ರಿ, ದೇವ್ರು. ದೇವ್ರು ಹಾರಿದ್ರ ನಿಮ್ಮ ವಿಜ್ಞಾನ ಹೆಂಗ ಗೆದ್ದಂಗಾತು?"

ಇನ್ನೊಂದು ಕಲ್ಲು ತರುತ್ತೇನೆ ಎಂದೆ. ಅಧಿಕಾರಿಗಳು ಗಡಿಯಾರ ನೋಡಿಕೊಂಡರು. ಅವರಿಗೆ ಇನ್ನೂ ಬಹಳ ಶಾಲೆಗಳ ಮಾದರಿ ನೋಡುವುದಿತ್ತು.

"ಹಾರಿದ್ದಂತೂ ನಿಜ. ಯಾಕೆ ಹಾರಿತು ಎಂಬುದು ತೀರ್ಮಾನವಾಗಿಲ್ಲ. ಖೋಲಿಯನ್ನು ಅರ್ಧ ಅರ್ಧ ಮಾಡಿಕೊಳ್ಳಿ" ಎಂದು ಎದ್ದು ಮುಂದಿನ ಮಾದರಿಗೆ ಹೋದರು.

ಅಧ್ಯಕ್ಷರು ಮಾತು ತಪ್ಪಲಿಲ್ಲ. ಮರುದಿನವೇ ಆಳು ಹಚ್ಚಿ ಅರ್ಧ ಖೋಲಿ ಖಾಲಿ ಮಾಡಿಸಿದರು. ಉಳಿದ ಚೀಲಗಳನ್ನು ನಡುವೆ ಸೂರಿನ ತನಕ ಗೋಡೆಯ ಹಾಗೆ ಒಟ್ಟಿಸಿದರು.

ಇದ್ದ ಒಂದೇ ಬಾಗಿಲು ಭತ್ತದ ಕಡೆಗೆ ಬಂತು. ನಾನು ನಿವೃತ್ತಿ ಆಗುವ ತನಕ ಕಿಟಕಿ ಹತ್ತಿ ಒಳಗೆ ಹೋಗಿ ಪಾಠ ಮಾಡಿದೆ.