ಕುಡಿಯದ ಯಾಕೋವನ ಮಾನಸಾಂತರ

ತೊಂದರೆ ಶುರುವಾದದ್ದು ಒಂದು ಬಟ್ಟಲು ಕುದುರೆ ಹಾಲಿನಿಂದ.

ತೊಕ್ಮೊಕ್ ಪಟ್ಟಣದ ‘ಹೊಸ ಬಾಗಿಲು’ ಮಿಷನ್ ಮನೆಯಲ್ಲಿ ಯಾಕೋವ ಪೆನ್ನರ್ ಬಾಗಿಲು ಕಾಯುತ್ತಿದ್ದ. ಬಸ್ ನಿಲ್ದಾಣದಲ್ಲಿ, ಸಂತೆಯ ಹಿಂದಿನ ಚರಂಡಿಯಲ್ಲಿ ಬಿದ್ದಿರುವ ಕುಡುಕರನ್ನು ಎತ್ತಿ ತಂದು, ಸ್ನಾನ ಮಾಡಿಸಿ, ಸೂಪು ಕುಡಿಸಿ, ದೇವರ ವಾಕ್ಯ ಹೇಳಿ ಮತ್ತೆ ಮನುಷ್ಯರನ್ನಾಗಿ ಮಾಡುವ ಮನೆ ಅದು. ಯಾಕೋವ ಮಾತ್ರ ಹುಟ್ಟಿದಾರಭ್ಯ ಒಂದು ಹನಿ ಮುಟ್ಟಿದವನಲ್ಲ. ಅವನಪ್ಪನೂ ಮುಟ್ಟಿದವನಲ್ಲ, ಅಜ್ಜನೂ ಅಲ್ಲ. ಈ ಮಾತನ್ನು ದಿನಕ್ಕೊಮ್ಮೆ ಯಾರಿಗಾದರೂ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೊರಗೆ ಹೋಗಿ ಬಂದವರ ಬಾಯಿ ಮೂಸಿ ನೋಡುವುದು ಅವನೇ ಮಾಡಿದ ನಿಯಮ. “ಬಾಯಿ ತೆಗಿ. ಊದು” ಎನ್ನುವನು. ವಾಸನೆ ಬಂದರೆ ಮುಗಿಯಿತು, ಬಾಗಿಲಾಚೆಯ ಬೆಂಚು. ಸಿಕ್ಕಿಬಿದ್ದವರೆಲ್ಲ ಬೇಸಿಗೆಯಲ್ಲಿ ಒಂದೇ ರಾಗ ಹಾಡುತ್ತಿದ್ದರು: “ಯಾಕೋವಣ್ಣಾ, ಬರೀ ಕುಮಿಸ್ ಕುಡ್ದೆ, ದೇವರಾಣೆ!”

“ಕುಮಿಸ್ ಅಂದ್ರೆ ಹುಳಿ ಬಂದ ಕುದುರೆ ಹಾಲು ಕಣೋ. ಹಾಲು ಕುಡಿದೋನಿಗೆ ಅಮಲು ಬರುತ್ತೇನೋ? ನಿಮ್ಮೂರಿನ ಕುದುರೆ ಕೆಚ್ಚಲಲ್ಲಿ ವೋಡ್ಕಾ ಇರುತ್ತಾ?” ಎಂದು ಯಾಕೋವ ಗದರಿಸುತ್ತಿದ್ದ. ಅವನಿಗೆ ಆ ಹಾಲೂ ಗೊತ್ತಿರಲಿಲ್ಲ, ವೋಡ್ಕಾವೂ ಗೊತ್ತಿರಲಿಲ್ಲ. ಏನೂ ಗೊತ್ತಿಲ್ಲದವನ ಗಂಟಲೇ ದೊಡ್ಡದು.

ಆ ದಿನ ಬಿಷ್ಕೆಕ್‌ನಿಂದ ಪಾಸ್ಟರ್ ರುದೋಲ್ಫ್ ಬರುವವರಿದ್ದರು. ಮನೆಯ ಮೇಲ್ವಿಚಾರಕ ಜರ್ಮನಿಗೆ ಹೊರಟುಹೋಗಿದ್ದ. ಆ ಜಾಗಕ್ಕೆ ಹೊಸಬನನ್ನು ಅಂದೇ ಹೆಸರಿಸಬೇಕಿತ್ತು. ಕೆಲಸದ ಜೊತೆಗೆ ಅಂಗಳದ ಬದಿಯ ಎರಡು ಕೋಣೆಗಳೂ ಸಿಗುತ್ತಿದ್ದವು. ಅತ್ತೆಯ ಅಡುಗೆಮನೆಯಲ್ಲಿ, ಆಲೂಗಡ್ಡೆ ಮೂಟೆಗಳ ನಡುವೆ ಹೆಂಡತಿಯೊಡನೆ ಮಲಗುತ್ತಿದ್ದ ಯಾಕೋವನಿಗೆ ಆ ಕೋಣೆಗಳು ಸ್ವರ್ಗದ ಹಾಗೆ ಕಾಣುತ್ತಿದ್ದವು. ಅದಕ್ಕಾಗಿಯೇ ಹಿಂದಿನ ರಾತ್ರಿಯಿಂದ ಉಪವಾಸ ಪ್ರಾರ್ಥನೆ ಹಿಡಿದಿದ್ದ.

ಪಾಸ್ಟರಿಗೆ ಬಿಸಿ ರೊಟ್ಟಿ ಬೇಕೆಂದು ಸಾದತ್ ಅಜ್ಜಿಯ ಮನೆಗೆ ಅವನೇ ಹೊರಟ. ಹೋಗುವಾಗ ಬಾಗಿಲಿಗೆ ತೊಕ್ತೊಸುನ್‌ನನ್ನು ನಿಲ್ಲಿಸಿದ. ತೊಕ್ತೊಸುನ್ ಹಿಂದೆ ಕುರಿ ಕಾಯುತ್ತಿದ್ದವನು, ಕುರಿಗಳನ್ನೆಲ್ಲ ಕುಡಿದು ಮುಗಿಸಿ ಈ ಮನೆ ಸೇರಿದವನು. ಬಂದಾಗಿನಿಂದ ಮಾತ್ರ ನೆಟ್ಟಗಿದ್ದ.

“ಯಾರೇ ಬರಲಿ, ಮೂಸದೆ ಬಿಡಬೇಡ. ಪಾಸ್ಟರ್ ಬಂದ್ರೂ ಅಷ್ಟೇ!” ಎಂದ ಯಾಕೋವ.

ಸಾದತ್ ಅಜ್ಜಿಯ ಮನೆಗೆ ಬೆಟ್ಟದ ಹುಲ್ಲುಗಾವಲಿನಿಂದ ವರ್ಷದ ಮೊದಲ ಕುಮಿಸ್ ಬಂದಿತ್ತು. ಅಜ್ಜಿ ಬಟ್ಟಲು ತುಂಬಿ ಮುಂದೆ ಹಿಡಿದಳು.

“ಅಜ್ಜಿ, ಉಪವಾಸ ಇದ್ದೀನಿ.”

“ತಿನ್ನು ಅಂದ್ನಾ? ಕುಡಿ ಅಂದೆ. ಮೊದಲ ಕುಮಿಸ್ ಬೇಡ ಅಂದೋನು ನನ್ನ ಹೊಸ್ತಿಲು ಮತ್ತೆ ತುಳೀಬಾರ್ದು!”

ರೊಟ್ಟಿ ಇನ್ನೂ ಮಣ್ಣಿನ ಒಲೆಯ ಒಳಗೋಡೆಗೆ ಅಂಟಿಕೊಂಡು ಬೇಯುತ್ತಿತ್ತು. ಹಾಲು ತಾನೇ ಎಂದು ಕುಡಿದ. ಬಟ್ಟಲು ಖಾಲಿ ಕಂಡರೆ ಸಾದತ್ ಅಜ್ಜಿಗೆ ತನ್ನ ಮಾನ ಹೋದಂತೆ, ಮತ್ತೆ ತುಂಬಿದಳು. ಹುಳಿಯಾಗಿ, ತಣ್ಣಗೆ, ನಾಲಗೆ ಚುರುಗುಟ್ಟುವ ಹಾಗಿತ್ತು. ಖಾಲಿ ಹೊಟ್ಟೆ, ಮೇಲೆ ಬಿಸಿಲು. ನಾಲ್ಕನೆಯ ಬಟ್ಟಲು ಇಳಿಯುವಷ್ಟರಲ್ಲಿ ಯಾಕೋವನಿಗೆ ಅಜ್ಜಿಯ ಮೇಲೆ, ಒಲೆಯ ಮೇಲೆ, ಅಂಗಳದಲ್ಲಿ ಕಟ್ಟಿದ್ದ ಮೇಕೆಯ ಮೇಲೆ ಕೂಡ ವಿಪರೀತ ಪ್ರೀತಿ ಬಂತು.

ರೊಟ್ಟಿ ಮೂಟೆ ಹೊತ್ತು, ಕೀರ್ತನೆ ಹಾಡುತ್ತಾ ಹೊರಟ. ಕಾಲುಗಳು ಆಗಷ್ಟೇ ಹುಟ್ಟಿದ ಕುದುರೆಮರಿಯ ಕಾಲುಗಳಂತೆ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು.

ಬಾಗಿಲಲ್ಲಿ ತೊಕ್ತೊಸುನ್ ಕೈ ಅಡ್ಡ ಹಿಡಿದ. “ಬಾಯಿ ತೆಗಿ ಅಣ್ಣಾ. ಊದು.”

“ನಂಗೇನೋ? ತಲೆ ಕೆಟ್ಟಿದೆಯಾ ನಿಂಗೆ?”

“ಪಾಸ್ಟರ್ ಬಂದ್ರೂ ಬಿಡಬೇಡ ಅಂದಿದ್ದು ನೀನೇ.”

ಯಾಕೋವ ಹುಫ್ ಎಂದು ಊದಿದ. ತೊಕ್ತೊಸುನ್ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತ. ಆಮೇಲೆ ಒಳಗೆ ತಿರುಗಿ, “ಲೋ, ಎಲ್ರೂ ಬನ್ರೋ! ಯಾಕೋವಣ್ಣ ಹಾಕ್ಕೊಂಡು ಬಂದವ್ನೆ!” ಎಂದು ಕೂಗಿದ.

ಸೂಪಿನ ತಟ್ಟೆ ಬಿಟ್ಟು ಮನೆಯೆಲ್ಲ ಹೊರಗೆ ಬಂತು. ಸಾಲಾಗಿ ನಿಂತು ಒಬ್ಬೊಬ್ಬರೂ ಮೂಸಿ ನೋಡಿದರು. ಹೆಣ್ಣು ನೋಡಲು ಬಂದವರಿಗೂ ಅಷ್ಟು ಉತ್ಸಾಹ ಇರುವುದಿಲ್ಲ.

“ಬರೀ ಕುಮಿಸ್ ಕಣ್ರೋ! ದೇವರಾಣೆ!” ಎಂದ ಯಾಕೋವ.

ಅಂಗಳವೇ ಹಾರಿಹೋಗುವಂಥ ನಗು ಎದ್ದಿತು. ರೈಲ್ವೆಯಲ್ಲಿ ಕೆಲಸ ಕಳೆದುಕೊಂಡಿದ್ದ ಬೊಕ್ಕತಲೆ ಗೆನಾ ಹೊಟ್ಟೆ ಹಿಡಿದುಕೊಂಡು, “ಕೆಚ್ಚಲಲ್ಲಿ ವೋಡ್ಕಾ ಇತ್ತೇನಣ್ಣಾ?” ಎಂದ.

“ಬೇಕಾದ್ರೆ ಸಾದತ್ ಅಜ್ಜೀನ ಕೇಳ್ರೋ!”

ಕರೆಸಿದರು. ಅಜ್ಜಿ ಬಂದು ಓಲಾಡುತ್ತಿದ್ದ ಯಾಕೋವನನ್ನು ಮೇಲಿಂದ ಕೆಳಗೆ ನೋಡಿದಳು. ಮುಖ ಕೆಂಪಾಯಿತು.

“ನನ್ನ ಕುಮಿಸ್‌ನಿಂದ ಹಿಂಗಾಯ್ತು ಅಂತೀಯೇನೋ? ನನ್ನ ಮೊಮ್ಮಗ, ಇನ್ನೂ ಚಡ್ಡಿ ಹಾಕೋಕೆ ಬರಲ್ಲ, ಬೆಳಿಗ್ಗೆಯಿಂದ ಅದನ್ನೇ ಕುಡೀತಿದಾನೆ. ಅವನು ಬೀದೀಲಿ ಹಾಡ್ಕೊಂಡು ತಿರುಗ್ತಾನಾ? ಎಲ್ಲೋ ಏನೋ ಏರಿಸ್ಕೊಂಡು ನನ್ನ ಹಾಲಿಗೆ ಕೆಟ್ಟ ಹೆಸರು ತರ್ತೀಯಾ? ಥೂ, ನಿನ್ನ ಮುಖಕ್ಕೆ!”

ಸಾಕ್ಷಿ ಮುಗಿಯಿತು. ಯಾಕೋವನನ್ನು ಬೆಂಚಿನ ಮೇಲೆ ಕೂರಿಸಿದರು. ಆಗಲೇ ಪಾಸ್ಟರ ಕಾರು ಬಂದು ನಿಂತಿತು.

ಅಮಲಿನಲ್ಲೂ ಯಾಕೋವನ ತಲೆ ಓಡಿತು. ಇಷ್ಟು ವರ್ಷ ಈ ಬಾಗಿಲಲ್ಲಿ ನಿಂತು ಅವನು ಕಂಡದ್ದು ಒಂದೇ: ಇಲ್ಲ ಎಂದು ವಾದಿಸಿದವನನ್ನು ಪಾಸ್ಟರ್ ತಿರುಗಿ ನೋಡುವುದಿಲ್ಲ, ಮೊಣಕಾಲೂರಿ ಅತ್ತವನನ್ನು ತಬ್ಬಿಕೊಳ್ಳುತ್ತಾರೆ, ಏನು ಕೇಳಿದರೂ ಕೊಡುತ್ತಾರೆ. ಹಾಗಾದರೆ ಅಳುವುದೇ ಸರಿ. ದಬಕ್ಕನೆ ಪಾಸ್ಟರ ಕಾಲ ಬಳಿ ಬಿದ್ದ.

“ನಾನು ಕುಡುಕ, ಪಾಸ್ಟರ್! ಇವತ್ತು ನಿನ್ನೆಯದಲ್ಲ, ಇಪ್ಪತ್ತು ವರ್ಷದಿಂದ ಕದ್ದು ಕುಡೀತಿದೀನಿ! ಕೋಳಿಗೂಡಲ್ಲಿ ಬಾಟ್ಲಿ, ಒಲೆ ಹಿಂದೆ ಬಾಟ್ಲಿ, ಅತ್ತೆಯ ಆಲೂಗಡ್ಡೆ ಮೂಟೇಲೂ ಬಾಟ್ಲಿ!”

ಹೇಳುತ್ತ ಹೋದಂತೆ ಅವನಿಗೇ ದುಃಖ ಉಕ್ಕಿತು. ಗೆನಾ ಮೂಗು ಒರೆಸಿಕೊಂಡ. “ಎಂಥಾ ಗಟ್ಟಿಗ! ನಮಗೂ ಗೊತ್ತಾಗದ ಹಾಗೆ ಇಪ್ಪತ್ತು ವರ್ಷ!” ಎಂದ ಭಕ್ತಿಯಿಂದ.

ಪಾಸ್ಟರ್ ಅವನನ್ನು ಎತ್ತಿ ಎದೆಗೊತ್ತಿಕೊಂಡರು. ಅವರ ಕಣ್ಣಲ್ಲೂ ನೀರು.

“ಬ್ರದರ್ ಯಾಕೋವ, ದಾರಿಯುದ್ದಕ್ಕೂ ಸಂಕಟಪಡ್ತಾ ಬಂದೆ. ಬಿದ್ದು ಎದ್ದವನೇ ಇಲ್ಲಿ ಮೇಲ್ವಿಚಾರಕ ಆಗಬೇಕು, ಕುಡಿತ ಅಂದ್ರೇನು ಅಂತ ತಿಳಿಯದೋನು ಬೇಡ ಅಂತ ಸಭೆಯ ಹಿರಿಯರು ತೀರ್ಮಾನ ಮಾಡಿದ್ರು. ನೀನು ಮುಟ್ಟದವನು ಅಂತ ನಿನ್ನ ಹೆಸರು ಬಿಟ್ಟಿದ್ವಿ. ನಿನಗೆ ಹೇಗಪ್ಪಾ ಹೇಳೋದು ಅಂತ ಪ್ರಾರ್ಥನೆ ಮಾಡ್ತಿದ್ದೆ. ಕರ್ತನೇ ದಾರಿ ತೆಗೆದ! ದೇವರಿಗೆ ಸ್ತೋತ್ರ!”

“ಸ್ತೋತ್ರ!” ಎಂದಿತು ಅಂಗಳ.

ಯಾಕೋವ ಕಣ್ಣೊರೆಸಿಕೊಂಡ. “ಹಾಗಾದ್ರೆ... ಕೆಲಸ ನನಗೇನಾ, ಪಾಸ್ಟರ್?”

“ನಿನಗಲ್ಲದೆ ಇನ್ಯಾರಿಗೆ? ಒಂದು ವರ್ಷ ಈ ಮನೆಯಲ್ಲಿದ್ದು ಬಿಡುಗಡೆ ಹೊಂದು, ಎಲ್ಲರ ಹಾಗೆ. ಆಮೇಲೆ ನಿನ್ನ ವಿಷಯ ತೆಗೆಯೋಣ. ಸದ್ಯಕ್ಕೆ ಬ್ರದರ್ ತೊಕ್ತೊಸುನ್ ಇರ್ತಾನೆ.” ಎರಡು ಕೋಣೆಗಳ ಬೀಗದ ಕೈ ತೊಕ್ತೊಸುನ್‌ನ ಕೈಗೆ ಬಿತ್ತು. “ಮತ್ತೆ ಯಾಕೋವ, ಭಾನುವಾರ ಬಿಷ್ಕೆಕ್‌ನ ದೊಡ್ಡ ಸಭೇಲಿ ನಿನ್ನ ಸಾಕ್ಷಿ. ಮೊದಲ ಗುಟುಕಿನಿಂದ ಹಿಡಿದು ಒಂದೂ ಬಿಡದೆ ಹೇಳಬೇಕು.”

ಈಗ ನಿಜ ಹೇಳಿದರೆ ದೇವರ ಮುಂದೆ ಸುಳ್ಳು ಅತ್ತವನಾಗುತ್ತಾನೆ, ಹೇಳದಿದ್ದರೆ ಕುಡುಕ. ಯಾಕೋವ ಆಗಲಿ ಎಂದು ತಲೆಯಾಡಿಸಿದ.

ಸಂಜೆ ಅವನಿಗೆ ಗೆನಾನ ಪಕ್ಕದ ಹಾಸಿಗೆ ಕೊಟ್ಟರು. ಪಾಸ್ಟರೂ ಆ ರಾತ್ರಿ ಅಲ್ಲೇ ಉಳಿದರು. ಭಾನುವಾರದ ಚಿಂತೆ ತಲೆ ತಿನ್ನುತ್ತಿತ್ತು. ಕೊನೆಗೆ ತಡೆಯಲಾರದೆ ಬಾಗಿ ಪಿಸುಗುಟ್ಟಿದ: “ಗೆನಾ, ಈ ವೋಡ್ಕಾ ರುಚಿ ಹೇಗಿರುತ್ತೋ? ಸಿಹೀನಾ, ಹುಳೀನಾ?”

ಗೆನಾ ಬಿಟ್ಟ ಬಾಯಿ ಬಿಟ್ಟಂತೆ ನೋಡಿದ. ಆಮೇಲೆ ಹಾಸಿಗೆಯಿಂದ ನೆಗೆದು ಬಾಗಿಲಿಗೆ ಓಡಿದ.

“ಪಾಸ್ಟರ್! ಬೇಗ ಬನ್ನಿ! ಮಹತ್ಕಾರ್ಯ ಆಗಿದೆ! ಇಪ್ಪತ್ತು ವರ್ಷ ಕುಡಿದೋನಿಗೆ ಒಂದೇ ಪ್ರಾರ್ಥನೆಗೆ ರುಚೀನೇ ಮರೆತುಹೋಗಿದೆ!”